ಬಿಸಿ ಬಾಚಣಿಗೆ

ಗುಂಗುರಾದ ಇಲ್ಲವೆ ಅಲೆಅಲೆಯಾದ ತಲೆಗೂದಲನ್ನು ಶಾಖದಿಂದ ತಾತ್ಕಾಲಿಕವಾಗಿ ನೆಟ್ಟಗೆ ಮಾಡುವ, ಲೋಹದ ಹಲ್ಲುಗಳುಳ್ಳ ಬಾಚಣಿಗೆ. ಒಲೆಯ ಮೇಲೆ ಕಾಯಿಸಿ ಬಳಸುವ ಹಿತ್ತಾಳೆಯ ಬಾಚಣಿಗೆ ಇದರ ಹಳೆಯ ರೂಪ. ವಿದ್ಯುತ್ ಬಾಚಣಿಗೆ, ಬ್ರಷ್ ಆಕಾರದ ಸ್ಟ್ರೈಟನರ್, ಎರಡು ಬಿಸಿ ಪಟ್ಟಿಗಳ ನಡುವೆ ಕೂದಲನ್ನು ಎಳೆಯುವ ಚಪ್ಪಟೆ ಸ್ಟ್ರೈಟನರ್ ಅದರ ನಂತರದ ರೂಪಗಳು. ತುಮಕೂರು ನಗರ, ಗುಬ್ಬಿ, ಕುಣಿಗಲ್ ಪಟ್ಟಣಗಳ ಬ್ಯೂಟಿ ಪಾರ್ಲರ್‌ಗಳಲ್ಲಿ ಮತ್ತು ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಿದ್ಯುತ್ ಉಪಕರಣಗಳೇ. ಎಳೆಯ ದಪ್ಪ, ಸುರುಳಿಯ ಬಿಗಿ, ಕೂದಲು ಈಗಾಗಲೇ ಕಂಡಿರುವ ಬಣ್ಣ ಮತ್ತು ರಾಸಾಯನಿಕ, ಈ ಮೂರನ್ನು ನೋಡಿ ಉಪಕರಣವನ್ನೂ ಅದರ ಶಾಖವನ್ನೂ ಆರಿಸಬೇಕಾಗುತ್ತದೆ. ಬಿಗಿಯಾದ ಸುರುಳಿಗೂದಲಿಗಾಗಿ ಬೆಳೆದುಬಂದ ಈ ಸಾಧನವನ್ನು ಬಹುತೇಕ ನೇರ ಅಥವಾ ಅಲೆಯಾದ, ಎಣ್ಣೆ ಹಚ್ಚುವ ರೂಢಿಯುಳ್ಳ ಕೂದಲಿಗೆ ಬಳಸುವಾಗ ಶಾಖವನ್ನು ತಗ್ಗಿಸುವುದೇ ಆಯ್ಕೆಯ ಮುಖ್ಯ ಸೂತ್ರ.

ಇತಿಹಾಸ

ಕಾದ ಲೋಹದಿಂದ ಕೂದಲಿನ ಆಕಾರ ಬದಲಿಸುವ ಕಲೆ 19ನೆಯ ಶತಮಾನದ ಫ್ರಾನ್ಸಿನಲ್ಲಿ ವೃತ್ತಿಯಾಗಿ ಬೆಳೆಯಿತು. ಪ್ಯಾರಿಸ್ಸಿನ ಕೇಶವಿನ್ಯಾಸಕ ಮಾರ್ಸೆಲ್ ಗ್ರಾತೋ 1872ರ ಸುಮಾರಿಗೆ ಕಾಯಿಸಿದ ಇಕ್ಕಳದಿಂದ ಕೂದಲಿನಲ್ಲಿ ಅಲೆ ಮೂಡಿಸುವ ವಿಧಾನವನ್ನು ಜನಪ್ರಿಯಗೊಳಿಸಿದ. ಬಿಸಿ ಬಾಚಣಿಗೆ ಅತ್ಯಂತ ವ್ಯಾಪಕವಾಗಿ ನೆಲೆಯೂರಿದ್ದು ಅಮೆರಿಕದ ಆಫ್ರಿಕನ್ ಮೂಲದ ಸಮುದಾಯದಲ್ಲಿ. ಮೇಡಂ ಸಿ. ಜೆ. ವಾಕರ್ ಎಂದು ಹೆಸರಾದ ಸಾರಾ ಬ್ರೀಡ್‌ಲವ್ (1867–1919) ಮತ್ತು ಆಕೆಯ ಸಮಕಾಲೀನೆ ಆನಿ ಮಲೋನ್ 20ನೆಯ ಶತಮಾನದ ಆರಂಭದಲ್ಲಿ ಕೇಶೋಪಚಾರವನ್ನು ಸಾವಿರಾರು ಕಪ್ಪು ಮಹಿಳೆಯರ ಜೀವನೋಪಾಯವನ್ನಾಗಿಸಿದರು. ಬಿಸಿ ಬಾಚಣಿಗೆಯನ್ನು ಕಂಡುಹಿಡಿದವಳು ವಾಕರ್ ಎಂಬ ನಂಬಿಕೆ ಪ್ರಚಲಿತವಾಗಿದ್ದರೂ ಅದು ಸರಿಯಲ್ಲ. ಇದ್ದ ಸಾಧನವನ್ನು ತನ್ನ ಉಪಚಾರ ಕ್ರಮದ ಭಾಗವಾಗಿಸಿ ಹರಡಿದ್ದು ಆಕೆಯ ಸಾಧನೆ. ಫಿಲಡೆಲ್ಫಿಯಾದ ವಾಲ್ಟರ್ ಸ್ಯಾಮನ್ಸ್ ಸುಧಾರಿತ ಬಾಚಣಿಗೆಯೊಂದಕ್ಕೆ 1920ರ ಡಿಸೆಂಬರ್‌ನಲ್ಲಿ ಪೇಟೆಂಟ್ ಪಡೆದ. 1960ರ ದಶಕದಲ್ಲಿ ಸಹಜ ಗುಂಗುರನ್ನೇ ಹೆಮ್ಮೆಯಿಂದ ಬಿಡುವ ಚಳವಳಿ ಬಂದಾಗ ಇದರ ಬಳಕೆ ತಗ್ಗಿತು. ಜೊತೆಗೆ ರಾಸಾಯನಿಕ ರಿಲ್ಯಾಕ್ಸರ್‌ಗಳೂ ಅದರ ಜಾಗವನ್ನು ಹಂಚಿಕೊಂಡವು.

ಕರ್ನಾಟಕಕ್ಕೆ ಈ ಸಾಧನ ಬಂದದ್ದು ತಡವಾಗಿ, ಅದೂ ವಿದ್ಯುತ್ ರೂಪದಲ್ಲಿ. ಇಲ್ಲಿನ ಹಳೆಯ ಕೇಶಾಲಂಕಾರದಲ್ಲಿ ಕೂದಲನ್ನು ನೆಟ್ಟಗೆ ಮಾಡುವ ಹಂಬಲಕ್ಕಿಂತ ಹೆಣೆಯುವ, ಮುಡಿ ಕಟ್ಟುವ, ಹೂವಿನಿಂದ ತುಂಬುವ ಆಸೆಯೇ ಹೆಚ್ಚು. ಬೇಲೂರಿನ ಮದನಿಕೆಯರ ವಿಗ್ರಹಗಳಲ್ಲಿ ತುರುಬಿನ ಬಗೆಬಗೆಯ ವಿನ್ಯಾಸಗಳಿವೆ. ಹಣೆಯ ಮೇಲಿನ ಮುಂಗುರುಳನ್ನು ಕಾವ್ಯಗಳು ಚೆಲುವಿನ ಲಕ್ಷಣವೆಂದೇ ವರ್ಣಿಸಿವೆ. ವೇಷಕ್ಕೆ ತಕ್ಕಂತೆ ತಲೆ ಬದಲಿಸುವ ಕೌಶಲ ವೃತ್ತಿರಂಗಭೂಮಿಯಲ್ಲಿ ಬೆಳೆಯಿತು. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾಗಿ, ಮುಂದೆ ಗುಬ್ಬಿ ವೀರಣ್ಣನವರ (1891–1972) ಒಡೆತನದಲ್ಲಿ ನಾಡಿನಾದ್ಯಂತ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯಂಥ ಸಂಸ್ಥೆಗಳಲ್ಲಿ ರಾಜ, ರಾಕ್ಷಸ, ಸ್ತ್ರೀಪಾತ್ರಗಳಿಗೆ ಬೇರೆ ಬೇರೆ ಟೋಪನ್ನುಗಳು ಬೇಕಾಗುತ್ತಿದ್ದವು. ನೆಟ್ಟಗಿನ, ಹೊಳಪಿನ, ಬಿಟ್ಟ ಕೂದಲು ಊರೂರಿನ ಮೆಚ್ಚುಗೆಯಾದದ್ದು ಸಿನಿಮಾ, ದೂರದರ್ಶನ ಮತ್ತು ಶಾಂಪೂ ಜಾಹೀರಾತುಗಳು ಮನೆಮನೆ ತಲುಪಿದ ಮೇಲೆ.

ತುಮಕೂರು, ಗುಬ್ಬಿ, ಕುಣಿಗಲ್ ಪರಿಸರ

ತುಮಕೂರು ನಗರ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ, ಗುಬ್ಬಿ ಅದರ ಪಶ್ಚಿಮಕ್ಕೆ ಸುಮಾರು 20 ಕಿ.ಮೀ., ಕುಣಿಗಲ್ ದಕ್ಷಿಣಕ್ಕೆ. ಮೂರೂ ತೆಂಗು, ಅಡಿಕೆ, ರಾಗಿ ಬೆಳೆಯುವ ಬಯಲುಸೀಮೆಯ ಊರುಗಳು. ಕೂದಲಿನ ಆರೈಕೆಯ ಸ್ಥಳೀಯ ರೂಢಿಯನ್ನು ಬೆಳೆಯೇ ರೂಪಿಸಿದೆ: ದಿನನಿತ್ಯ ಕೊಬ್ಬರಿ ಎಣ್ಣೆ, ವಾರಕ್ಕೊಮ್ಮೆ ಹರಳೆಣ್ಣೆ ಒತ್ತಿ ಎಣ್ಣೆಸ್ನಾನ, ತೊಳೆಯಲು ಸೀಗೆಪುಡಿ ಅಥವಾ ಅಂಟುವಾಳ, ತಂಪಿಗೆ ಮತ್ತಿಸೊಪ್ಪು, ದಾಸವಾಳದ ಎಲೆ, ಲೋಳೆಸರ. ಮಿಂದ ತಲೆಯನ್ನು ಸಾಂಬ್ರಾಣಿ ಹೊಗೆಯಲ್ಲಿ ಆರಿಸುವ ಅಭ್ಯಾಸ ಬಾಣಂತಿಯರ, ಮಕ್ಕಳ ವಿಷಯದಲ್ಲಿ ಇನ್ನೂ ಉಳಿದಿದೆ. ಮದುವೆ, ಹಬ್ಬ, ಆರತಿಗಳಲ್ಲಿ ಮೊಗ್ಗಿನ ಜಡೆ, ಜಡೆಬಿಲ್ಲೆ, ಕುಚ್ಚು ಇರುತ್ತವೆ. ಕೂದಲು ಸಾಲದಿದ್ದರೆ ಚೌರಿ ಸೇರಿಸುತ್ತಾರೆ.

ಸಿಕ್ಕು ಬಿಡಿಸುವ ಅಗಲ ಹಲ್ಲಿನ ಬಾಚಣಿಗೆ, ಹೇನು ಮತ್ತು ಸೀರು ತೆಗೆಯುವ ಒತ್ತು ಹಲ್ಲಿನ ಸೀರಣಿಗೆ, ಬೈತಲೆ ತೆಗೆಯುವ ಮೊನಚು ಹಿಡಿಯ ಬಾಚಣಿಗೆ, ಇವು ಮೂರೂ ಮನೆಯಲ್ಲಿರುವುದು ಸಾಮಾನ್ಯ. ಗುಬ್ಬಿಯ ಚನ್ನಬಸವೇಶ್ವರ ಜಾತ್ರೆ, ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ ಜಾತ್ರೆ, ಸಿದ್ಧಗಂಗೆಯ ಜಾತ್ರೆಗಳಲ್ಲಿ ಬಳೆ, ರಿಬ್ಬನ್, ಹೇರ್‌ಪಿನ್ನುಗಳ ಜೊತೆ ಬಾಚಣಿಗೆಗಳೂ ಮಾರಾಟಕ್ಕಿರುತ್ತವೆ. ಗಂಡಸರ ಕ್ಷೌರ ಬಹುಕಾಲದಿಂದ ಸವಿತಾ ಸಮಾಜದವರ ವೃತ್ತಿ. ಅವರ ಸಲೂನ್‌ಗಳು ಈಗ ಹೇರ್‌ಡ್ರೈಯರ್, ಸ್ಟ್ರೈಟನರ್‌ಗಳನ್ನೂ ಇಟ್ಟುಕೊಂಡಿವೆ. ಹೆಂಗಸರ ಬ್ಯೂಟಿ ಪಾರ್ಲರ್ ಬೇರೆಯೇ ವೃತ್ತಿಯಾಗಿ ಬೆಳೆದಿದ್ದು, ಅದರಲ್ಲಿ ಹೆಚ್ಚಿನವು ಮಹಿಳೆಯರೇ ನಡೆಸುವ ಸಣ್ಣ ಉದ್ಯಮಗಳು.

ಶಾಖೋಪಚಾರದ ಫಲಿತಾಂಶವನ್ನು ಬದಲಿಸುವ ಎರಡು ಸ್ಥಳೀಯ ಅಂಶಗಳು ನೀರು ಮತ್ತು ಹವೆ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹಿಸಿದ ಹೇಮಾವತಿ ನಾಲೆಯ ನೀರು ಪೂರೈಕೆಯಾಗುತ್ತದೆ; ಹೊಸ ಬಡಾವಣೆಗಳಲ್ಲಿ ಮತ್ತು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಆಸರೆ ಹೆಚ್ಚು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುವ ಗಡಸು ನೀರಿನಲ್ಲಿ ತಲೆ ತೊಳೆದರೆ ಲವಣದ ತೆಳುಪದರ ಎಳೆಯ ಮೇಲೆ ಕೂತು ಕೂದಲು ಒರಟಾಗಿ, ಬಾಚಣಿಗೆಗೆ ಎಡರಾಗುತ್ತದೆ. ಹೀಗೆ ಒರಟಾದ ಕೂದಲಿಗೆ ಹೆಚ್ಚು ಶಾಖ ಬೇಕೆಂದು ತಪ್ಪಾಗಿ ಊಹಿಸುವುದುಂಟು. ನಿಜಕ್ಕೂ ಬೇಕಾದದ್ದು ಸಿಹಿನೀರಿನಲ್ಲಿ ಇನ್ನೊಮ್ಮೆ ಜಾಲಿಸುವುದು. ಹವೆಯ ಮಾತು ಬಂದರೆ, ಫೆಬ್ರವರಿಯಿಂದ ಮೇ ವರೆಗಿನ ಒಣಹವೆಯಲ್ಲಿ ನೇರಗೊಳಿಸಿದ ಕೂದಲು ಮುಂದಿನ ಎಣ್ಣೆಸ್ನಾನದವರೆಗೂ ನಿಲ್ಲಬಲ್ಲದು. ಜಿಲ್ಲೆಗೆ ಹೆಚ್ಚು ಮಳೆ ತರುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅದೇ ಕೂದಲು ಸಂಜೆಯೊಳಗೆ ಕೆದರಿಕೊಳ್ಳಬಹುದು.

ಕೂದಲಿನ ರಚನೆ ಮತ್ತು ಶಾಖದ ಕೆಲಸ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಎಳೆಯ ಹೊರಭಾಗದಲ್ಲಿ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಹೊರಪೊರೆ, ಒಳಗೆ ಎಳೆಗೆ ಬಲ ಕೊಡುವ ನಾರುಭಾಗ ಇವೆ. ಕೆರಾಟಿನ್ ಸರಪಳಿಗಳನ್ನು ಎರಡು ಮುಖ್ಯ ಬಗೆಯ ಬಂಧಗಳು ಹಿಡಿದಿಡುತ್ತವೆ. ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ ಗಟ್ಟಿಯಾದದ್ದು. ಅದನ್ನು ಬಿಡಿಸಲು ರಾಸಾಯನಿಕ ಬೇಕು. ಹೈಡ್ರೋಜನ್ ಬಂಧ ದುರ್ಬಲ. ನೀರಿಗೂ ಶಾಖಕ್ಕೂ ಅದು ಬಿಡುತ್ತದೆ, ಒಣಗಿದಾಗ ಅಥವಾ ತಣಿದಾಗ ಹೊಸ ಜಾಗದಲ್ಲಿ ಮತ್ತೆ ಕೂಡುತ್ತದೆ. ಬಿಸಿ ಬಾಚಣಿಗೆ ಮುಟ್ಟುವುದು ಈ ಎರಡನೆಯ ಬಂಧವನ್ನು. ಕಾದ ಎಳೆಯನ್ನು ಎಳೆದು ಹಿಡಿದಾಗ ಹೈಡ್ರೋಜನ್ ಬಂಧಗಳು ಬಿಟ್ಟು, ತಣಿಯುವಾಗ ನೇರ ಸ್ಥಿತಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಬೆವರು, ಮಳೆ, ಸ್ನಾನದ ನೀರು ತಗುಲಿದೊಡನೆ ಅವು ಮತ್ತೆ ಬಿಟ್ಟು ಹಳೆಯ ಗುಂಗುರು ಮರಳುತ್ತದೆ. ಬಿಸಿ ಬಾಚಣಿಗೆಯ ಕೆಲಸ ತಾತ್ಕಾಲಿಕವಾಗಿರುವುದಕ್ಕೆ ಕಾರಣ ಇದು.

ಶಾಖ ಒಂದು ಮಿತಿ ಮೀರಿದರೆ ಬಂಧದ ಜೊತೆ ಕೆರಾಟಿನ್ನಿನ ರಚನೆಯೇ ಕೆಡುತ್ತದೆ. ಒಣಗೂದಲಿನಲ್ಲಿ ಈ ಕೆಡುವಿಕೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಮೇಲೆ ತೀವ್ರವಾಗುತ್ತದೆ. ಒದ್ದೆಗೂದಲಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಶಾಖ ಸಾಕು. ಒದ್ದೆ ಎಳೆಯೊಳಗಿನ ನೀರು ಹಠಾತ್ತನೆ ಆವಿಯಾಗಿ ಉಬ್ಬಿದಾಗ ಎಳೆಯೊಳಗೆ ಗುಳ್ಳೆಗಳು ಉಂಟಾಗುತ್ತವೆ. ಚರ್ಮವೈದ್ಯರು 1980ರ ದಶಕದಿಂದ ವರ್ಣಿಸುತ್ತ ಬಂದಿರುವ ಈ ಗುಳ್ಳೆಗೂದಲು ಒರಟಾಗಿ, ಗುಳ್ಳೆಯ ಜಾಗದಲ್ಲೇ ತುಂಡಾಗುತ್ತದೆ. ಒದ್ದೆಗೂದಲಿಗೆ ಬಾಚಣಿಗೆ ಇಟ್ಟಾಗ ಕೇಳುವ ಚುರ್ ಎಂಬ ಸದ್ದು ಹಾನಿಯ ಸೂಚನೆ.

ಕೊಬ್ಬರಿ ಎಣ್ಣೆಯ ಪಾತ್ರವನ್ನೂ ಇಲ್ಲಿ ಬಿಡಿಸಿ ನೋಡಬೇಕು. ರೆಲೆ ಮತ್ತು ಮೋಹಿಲೆ ಎಂಬ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖನಿಜ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಗಿಂತ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಡೆಯಿತು; ಅದರಲ್ಲಿನ ಲಾರಿಕ್ ಆಮ್ಲ ಎಳೆಯೊಳಗೆ ಇಳಿಯುವುದು ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ತಲೆಸ್ನಾನಕ್ಕೆ ಮೊದಲು ಎಣ್ಣೆ ಒತ್ತುವ ರೂಢಿಗೆ ಇದು ಬಲ ಕೊಡುತ್ತದೆ. ಆದರೆ ಬಿಸಿ ಬಾಚಣಿಗೆ ಹಿಡಿಯುವ ಹೊತ್ತಿಗೆ ಎಣ್ಣೆ ತಲೆಯ ಮೇಲಿರಬಾರದು. ಗಾಣದ ಕೊಬ್ಬರಿ ಎಣ್ಣೆ 175 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡತೊಡಗುತ್ತದೆ. ಎಣ್ಣೆ ಹಚ್ಚಿದ ಕೂದಲಿನಿಂದ ಸೀದ ವಾಸನೆ ಬರುವುದಲ್ಲದೆ, ಕಾದ ಎಣ್ಣೆ ನೆತ್ತಿಗೆ, ಕತ್ತಿಗೆ ಹರಿದು ಸುಡುತ್ತದೆ.

ಕೂದಲಿನ ಬಗೆಗಳು

ಕೂದಲನ್ನು ವಿಂಗಡಿಸಲು ಎರಡು ಪದ್ಧತಿಗಳು ಪ್ರಸಿದ್ಧ. ಅಮೆರಿಕದ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ ನೇರ, ಅಲೆ, ಗುಂಗುರು, ಬಿಗಿಗುಂಗುರು ಎಂಬ ನಾಲ್ಕು ವರ್ಗಗಳೂ ಅವುಗಳ ಉಪವರ್ಗಗಳೂ ಇವೆ. ಪಾರ್ಲರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಸುರುಳಿಯ ವ್ಯಾಸ ಮತ್ತು ತಿರುವುಗಳನ್ನು ಅಳೆದು ಎಂಟು ವರ್ಗ ಮಾಡುವ ಪದ್ಧತಿಯನ್ನು ಲೂಸುವಾರ್ನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಜನಾಂಗದ ಹೆಸರಿನಿಂದ ಕೂದಲನ್ನು ಗುರುತಿಸುವ ಹಳೆಯ ಅಭ್ಯಾಸದ ಬದಲಿಗೆ ಅಳತೆಯನ್ನು ತಂದದ್ದು ಇದರ ಹೆಚ್ಚುಗಾರಿಕೆ.

ಸುರುಳಿಯೊಂದೇ ಆಯ್ಕೆಗೆ ಸಾಲದು. ಎಳೆಯ ದಪ್ಪವನ್ನು ಬೇರೆಯಾಗಿಯೇ ನೋಡಬೇಕು. ಮನುಷ್ಯರ ತಲೆಗೂದಲಿನ ಎಳೆ ಸಾಮಾನ್ಯವಾಗಿ 50ರಿಂದ 100 ಮೈಕ್ರೋಮೀಟರ್ ದಪ್ಪವಿರುತ್ತದೆ. ಉದುರಿದ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹೊರಳಿಸಿದಾಗ ಇದ್ದೂ ಇಲ್ಲದಂತೆ ಅನಿಸಿದರೆ ಅದು ನವಿರು, ಹೊಲಿಗೆಯ ದಾರದಂತೆ ಕೈಗೆ ಸಿಕ್ಕರೆ ದಪ್ಪ. ಒತ್ತಾಗಿ ಬೆಳೆದ ತಲೆಯಲ್ಲೂ ಎಳೆ ನವಿರಾಗಿರಬಹುದು. ಅಂಥ ಕೂದಲನ್ನು ದಪ್ಪಗೂದಲೆಂದು ಎಣಿಸಿ ಹೆಚ್ಚು ಶಾಖ ಕೊಡುವುದು ಪಾರ್ಲರ್‌ಗಳಲ್ಲಿ ಕಾಣುವ ಸಾಮಾನ್ಯ ತಪ್ಪು.

ತುಮಕೂರು ಪರಿಸರದಲ್ಲಿ ಹೆಚ್ಚಾಗಿ ಕಾಣುವುದು ನೇರದಿಂದ ಅಲೆಯವರೆಗಿನ ಕಪ್ಪು ಕೂದಲು. ಗುಂಗುರು ಕೂದಲೂ ಅಪರೂಪವಲ್ಲ. ಒಂದೇ ತಲೆಯಲ್ಲಿ ನೆತ್ತಿ ನೇರ, ಕಿವಿಯ ಹಿಂದೆ ಮತ್ತು ಕತ್ತಿನ ಬಳಿ ಗುಂಗುರು ಇರುವುದೂ ಉಂಟು. ಬಿಗಿಯಾದ ಸುರುಳಿಗೂದಲು ಕರ್ನಾಟಕದಲ್ಲಿ ಮುಖ್ಯವಾಗಿ ಸಿದ್ದಿ ಸಮುದಾಯದಲ್ಲಿ ಕಂಡುಬರುತ್ತದೆ. ಆಫ್ರಿಕನ್ ಮೂಲದ ಈ ಕನ್ನಡ, ಕೊಂಕಣಿ ಭಾಷಿಕರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಇಂಥ ಕೂದಲಿನ ಎಳೆ ಅಡ್ಡಕೊಯ್ತದಲ್ಲಿ ಚಪ್ಪಟೆ ಅಂಡಾಕಾರದ್ದು. ತಿರುವು ಇರುವಲ್ಲೆಲ್ಲ ತುಂಡಾಗುವ ಸಂಭವ ಹೆಚ್ಚು, ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯದ ಕಾರಣ ಒಣಗುವುದೂ ಬೇಗ. ಹೆಚ್ಚು ಗುಂಗುರಾದ ಕೂದಲು ಹೆಚ್ಚು ಗಟ್ಟಿ ಎಂಬ ತಿಳಿವಳಿಕೆ ಇದರಿಂದಾಗಿ ನಿಲ್ಲುವುದಿಲ್ಲ.

ಉಪಕರಣದ ಬಗೆಗಳು

ಒಲೆಯ ಬಾಚಣಿಗೆ: ಹಿತ್ತಾಳೆ, ತಾಮ್ರ ಅಥವಾ ಉಕ್ಕಿನ ಹಲ್ಲು, ದಪ್ಪ ಬೆನ್ನು, ಮರದ ಹಿಡಿ. ಗ್ಯಾಸ್ ಒಲೆಯ ಉರಿಯ ಮೇಲೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ 250 ಡಿಗ್ರಿ ದಾಟಬಲ್ಲದು. ಕೆಂಡದ ಇಸ್ತ್ರಿ ಪೆಟ್ಟಿಗೆಯಂತೆ ಇದಕ್ಕೂ ಶಾಖದ ಗುಂಡಿ ಇಲ್ಲ. ಬಳಸುವವರ ಅಂದಾಜೇ ಅಳತೆ. ಬಿಳಿ ಕಾಗದ ಅಥವಾ ಟಿಶ್ಯೂ ಮೇಲೆ ಒತ್ತಿ, ಅದು ಕಂದಿದರೆ ಇನ್ನೂ ಆರಿಸಬೇಕು ಎಂಬುದು ವೃತ್ತಿಯವರ ಪರೀಕ್ಷೆ. ನುರಿತ ಕೈಯಲ್ಲಿ ಇದು ಬುಡದವರೆಗೂ ತಲುಪುತ್ತದೆ. ಈ ಊರುಗಳ ಅಂಗಡಿಗಳಲ್ಲಿ ಇದು ಸಿಗುವುದು ಅಪರೂಪ, ಮನೆಬಳಕೆಗೆ ಸಲ್ಲದ್ದು.

ವಿದ್ಯುತ್ ಬಿಸಿ ಬಾಚಣಿಗೆ: ಹಲ್ಲುಗಳ ಬುಡದಲ್ಲಿ ಕಾವು ಕೊಡುವ ಭಾಗ, ಹಿಡಿಯಲ್ಲಿ ಶಾಖದ ಗುಂಡಿ. ಮುಂದಲೆ, ಕೆನ್ನೆಯ ಪಕ್ಕದ ಮೋಟುಗೂದಲು, ಗಡ್ಡ, ಬುಡದ ಗುಂಗುರು ಇವಕ್ಕೆ ಒಪ್ಪುತ್ತದೆ.

ಬಿಸಿ ಬ್ರಷ್: ಅಗಲವಾದ ಬ್ರಷ್ಷಿನಲ್ಲಿ ಕಾದ ಹಲ್ಲುಗಳೂ ಅವುಗಳ ತುದಿಗೆ ಕಾವು ತಾಗದ ಗುಂಡುಗಳೂ ಇರುತ್ತವೆ. ನೆತ್ತಿ ಸುಡುವ ಭಯ ಕಡಿಮೆ, ಕೆಲಸ ಬೇಗ. ಕೂದಲನ್ನು ಪೂರ್ತಿ ನೆಟ್ಟಗೆ ಮಾಡುವುದಿಲ್ಲ, ಕೆದರಿದ್ದನ್ನು ಕೂರಿಸುತ್ತದೆ.

ಚಪ್ಪಟೆ ಸ್ಟ್ರೈಟನರ್: ಸೆರಾಮಿಕ್, ಟೂರ್ಮಲಿನ್ ಅಥವಾ ಟೈಟಾನಿಯಂ ಲೇಪದ ಎರಡು ಪಟ್ಟಿಗಳು. ಎರಡೂ ಬದಿಯಿಂದ ಶಾಖ ಮತ್ತು ಒತ್ತಡ ಬೀಳುವುದರಿಂದ ಫಲಿತಾಂಶ ಚೊಕ್ಕ, ಹಾನಿಯ ಸಾಧ್ಯತೆಯೂ ಹೆಚ್ಚು. ಸೆರಾಮಿಕ್ ಕಾವನ್ನು ಸಮನಾಗಿ ಹರಡುತ್ತದೆ. ಟೈಟಾನಿಯಂ ಬೇಗ ಕಾದು ಹೆಚ್ಚು ಶಾಖ ದಾಟಿಸುವುದರಿಂದ ನವಿರು ಕೂದಲಿಗೆ ಹೊಂದುವುದಿಲ್ಲ. ಬಟ್ಟೆಯ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಕೂದಲು ಹಾಸಿ ತಿಕ್ಕುವುದು ಅತ್ಯಂತ ಅಪಾಯದ ಕ್ರಮ.

ಕೂದಲಿಗೆ ತಕ್ಕ ಆಯ್ಕೆ

ಶಾಖದ ಅಂಕೆಗಳು ಕಂಪನಿಯಿಂದ ಕಂಪನಿಗೆ ಬದಲಾದರೂ ವೃತ್ತಿಯವರು ಅನುಸರಿಸುವ ಮಿತಿಗಳು ಸ್ಥೂಲವಾಗಿ ಹೀಗಿವೆ. ಎಲ್ಲ ಬಗೆಗೂ ಕೆಳಗಿನ ಅಂಕೆಯಿಂದ ಆರಂಭಿಸಿ, ಕೂದಲಿನ ಒಂದು ಗೊಂಚಲಿನಲ್ಲಿ ಪರೀಕ್ಷಿಸಿ, ಬೇಕಾದರಷ್ಟೇ ಏರಿಸುವುದು ನಿಯಮ.

ನವಿರು ಕೂದಲು, ನೇರ ಅಥವಾ ಸಣ್ಣ ಅಲೆ: 120ರಿಂದ 150 ಡಿಗ್ರಿ. ಬಿಸಿ ಬ್ರಷ್ ಸಾಕು. ಬಾಚಣಿಗೆಯೇ ಬೇಕಿದ್ದರೆ ಹಲ್ಲುಗಳು ಒತ್ತಾಗಿರಬೇಕು. ಅಗಲ ಹಲ್ಲಿನ ನಡುವೆ ನವಿರು ಎಳೆ ಲೋಹಕ್ಕೆ ತಾಗದೆ ಜಾರಿಹೋಗಿ, ಮತ್ತೆ ಮತ್ತೆ ಬಾಚಬೇಕಾಗುತ್ತದೆ. ಒಂದೇ ಸಲ ಎಳೆಯುವುದು ಒಳ್ಳೆಯದು.

ಮಧ್ಯಮ ದಪ್ಪದ ಅಲೆಗೂದಲು: 150ರಿಂದ 175 ಡಿಗ್ರಿ. ಈ ಪ್ರದೇಶದ ಹೆಚ್ಚಿನ ತಲೆಗಳು ಇದೇ ವರ್ಗಕ್ಕೆ ಸೇರುತ್ತವೆ. ಶಾಖದ ಗುಂಡಿಯಿರುವ ಬಿಸಿ ಬ್ರಷ್ ಅಥವಾ ವಿದ್ಯುತ್ ಬಾಚಣಿಗೆ ಒಪ್ಪುತ್ತದೆ. ಇನ್ನೂರು ಡಿಗ್ರಿಯ ಒಂದೇ ಕಾವಿರುವ ಅಗ್ಗದ ಉಪಕರಣ ಈ ಕೂದಲಿಗೆ ಬೇಕಾಗಿಲ್ಲ.

ದಪ್ಪ ಎಳೆಯ ಗುಂಗುರು ಕೂದಲು: 175ರಿಂದ 190 ಡಿಗ್ರಿ. ಕಾವು ಇಳಿಯದಂತೆ ಹಿಡಿದಿಡುವ ದಪ್ಪ ಬೆನ್ನಿನ, ಮಧ್ಯಮ ಅಂತರದ ಹಲ್ಲಿನ ಬಾಚಣಿಗೆ ಇಲ್ಲಿ ಉಪಯುಕ್ತ. ಒಂದು ಅಂಗುಲ ಅಗಲದ ಗೊಂಚಲುಗಳನ್ನು ಮಾಡಿಕೊಂಡು ನಿಧಾನವಾಗಿ ಎಳೆಯಬೇಕು.

ಬಿಗಿಯಾದ ಸುರುಳಿಗೂದಲು: ಮೊದಲು ಅಗಲ ಹಲ್ಲಿನಿಂದ ಬಿಡಿಸಿ, ನಂತರ ಒತ್ತು ಹಲ್ಲಿನ ಬಾಚಣಿಗೆ. 190 ಡಿಗ್ರಿಯ ಆಸುಪಾಸು, 200 ದಾಟಿಸಬೇಕಾಗಿಲ್ಲ. ಎಳೆ ಇಲ್ಲಿ ನವಿರಾಗಿದ್ದರೆ ಶಾಖವನ್ನು ಇನ್ನೂ ಇಳಿಸಬೇಕು. ವೃತ್ತಿಶಿಕ್ಷಣದಲ್ಲಿ ಮೂರು ಮಟ್ಟಗಳನ್ನು ಗುರುತಿಸುತ್ತಾರೆ: ಸುರುಳಿಯ ಅರ್ಧಕ್ಕಿಂತ ತುಸು ಹೆಚ್ಚನ್ನು ಬಿಡಿಸುವ ಮೃದು ಒತ್ತು, ಸುಮಾರು ಮುಕ್ಕಾಲು ಪಾಲು ಬಿಡಿಸುವ ಮಧ್ಯಮ ಒತ್ತು, ಎರಡೆರಡು ಸಲ ಬಾಚಿ ಪೂರ್ತಿ ನೇರ ಮಾಡುವ ಗಟ್ಟಿ ಒತ್ತು. ಮೊದಲೆರಡರಲ್ಲಿ ನಿಲ್ಲಿಸಿದರೆ ಕೂದಲು ಉಳಿಯುತ್ತದೆ.

ಬಣ್ಣ, ಬ್ಲೀಚ್, ಸ್ಮೂಥನಿಂಗ್ ಅಥವಾ ರೀಬಾಂಡಿಂಗ್ ಆದ ಕೂದಲು: ಸುರುಳಿ ಎಂಥದ್ದಿದ್ದರೂ 150 ಡಿಗ್ರಿಯ ಒಳಗೆ. ಹೊರಪೊರೆ ಆಗಲೇ ಸಡಿಲವಾಗಿರುತ್ತದೆ. ಪದೇ ಪದೇ ಮೆಹಂದಿ ಹಚ್ಚಿದ ಕೂದಲು ಬಿರುಸಾಗಿರುತ್ತದೆ. ಅದಕ್ಕೆ ಶಾಖಕ್ಕಿಂತ ಕಂಡೀಷನರ್ ಮುಖ್ಯ.

ನರೆಗೂದಲು: ಮುಟ್ಟಲು ಒರಟಾಗಿ, ಮಾತು ಕೇಳದಂತಿದ್ದರೂ ಹೆಚ್ಚು ಶಾಖಕ್ಕೆ ಹಳದಿಯಾಗುತ್ತದೆ. ಕಡಿಮೆ ಕಾವಿನ ಬ್ರಷ್ ಲೇಸು.

ಮಕ್ಕಳ ಕೂದಲಿಗೆ ಬಿಸಿ ಬಾಚಣಿಗೆ ಬಳಸಬಾರದು. ನೆತ್ತಿ ಎಳೆಯದು, ಕೂತಲ್ಲಿ ಕೂರದ ಮಗುವಿಗೆ ಕಿವಿ, ಕತ್ತು ಸುಡುವುದು ಸುಲಭ.

ಮದುಮಗಳ ಅಲಂಕಾರದಲ್ಲಿ ಇನ್ನೊಂದು ಎಣಿಕೆ ಬೇಕು. ಪೂರ್ತಿ ನೇರಗೊಳಿಸಿದ ಕೂದಲು ನುಣುಪಾಗಿ ಜಾರುತ್ತದೆ. ಚೌರಿ, ಜಡೆಬಿಲ್ಲೆ, ಮೊಗ್ಗಿನ ಜಡೆಯ ಭಾರವನ್ನು ಪಿನ್ನುಗಳು ಹಿಡಿಯಲಾರವು. ಜೊತೆಗೆ ನೀರು ಚಿಮುಕಿಸಿಟ್ಟ ಮಲ್ಲಿಗೆ, ಕನಕಾಂಬರ ದಂಡೆಗಳ ತೇವ ತಗುಲಿ ನೇರ ಮಾಡಿದ್ದು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಧಾರೆಗೆ ಮುಂದಲೆಯನ್ನು ಮಾತ್ರ ಬಾಚಣಿಗೆಯಿಂದ ಕೂರಿಸಿ, ಹಿಂದಲೆಯನ್ನು ಸಹಜವಾಗಿಯೇ ಹೆಣೆಯುವುದು, ಆರತಕ್ಷತೆಗೆ ಕೂದಲು ಬಿಡುವುದಿದ್ದರೆ ಆಗ ಪೂರ್ತಿ ನೇರ ಮಾಡುವುದು ಒಳ್ಳೆಯ ಕ್ರಮ.

ಬಳಸುವ ಕ್ರಮ

ಎಣ್ಣೆ, ಸೀಗೆಪುಡಿಯ ತರಿ ಉಳಿಯದಂತೆ ತಲೆ ತೊಳೆದು, ಟವೆಲಿನಿಂದ ಒತ್ತಿ ನೀರು ಹೀರಿಸಿ, ಗಾಳಿಯಲ್ಲಿ ಪೂರ್ತಿ ಒಣಗಿಸಬೇಕು. ಉದ್ದ ಜಡೆಯ ಬುಡ, ಕತ್ತಿನ ಮೇಲಿನ ಭಾಗ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಶಾಖದಿಂದ ರಕ್ಷಿಸುವ ಸೀರಂ ಅಥವಾ ಸ್ಪ್ರೇಯನ್ನು ತೆಳುವಾಗಿ ಹಚ್ಚಿ ಅದೂ ಒಣಗಿದ ಮೇಲೆ ಕೆಲಸ ಶುರುಮಾಡಬೇಕು. ಕೂದಲನ್ನು ನಾಲ್ಕು ಭಾಗ ಮಾಡಿ, ಕತ್ತಿನ ಕಡೆಯಿಂದ ಮೇಲಕ್ಕೆ ಬರುತ್ತ, ಪ್ರತಿ ಗೊಂಚಲಿನ ಸಿಕ್ಕನ್ನು ತಣ್ಣನೆಯ ಬಾಚಣಿಗೆಯಿಂದ ಬಿಡಿಸಿಕೊಳ್ಳಬೇಕು. ಬಿಸಿ ಬಾಚಣಿಗೆಯನ್ನು ನೆತ್ತಿಯಿಂದ ಕನಿಷ್ಠ ಒಂದು ಬೆರಳಗಲ ದೂರದಲ್ಲಿ ಇಟ್ಟು, ಎಲ್ಲೂ ನಿಲ್ಲಿಸದೆ ತುದಿಯವರೆಗೆ ಎಳೆಯಬೇಕು. ಗೊಂಚಲು ತಣಿಯುವ ಮೊದಲೇ ಮಡಿಸುವುದಾಗಲಿ ಕ್ಲಿಪ್ ಹಾಕುವುದಾಗಲಿ ಮಾಡಿದರೆ ಆ ಮಡಿಕೆಯೇ ಉಳಿಯುತ್ತದೆ. ವಾರಕ್ಕೊಂದು ಸಲಕ್ಕಿಂತ ಹೆಚ್ಚು ಬಳಸದಿರುವುದು ಕೂದಲಿಗೆ ಹಿತ.

ಅಪಾಯಗಳು

ಮೊದಲ ಅಪಾಯ ಸುಟ್ಟಗಾಯ. ಕಿವಿಯ ತುದಿ, ಹಣೆಯ ಅಂಚು, ಕತ್ತು, ಹಿಡಿದ ಬೆರಳುಗಳು ಹೆಚ್ಚು ಸುಡುವ ಜಾಗಗಳು. ಸುಟ್ಟೊಡನೆ ಆ ಜಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಅರಿಶಿನ, ಶಾಯಿ ಹಚ್ಚಬಾರದು. ಗುಳ್ಳೆ ದೊಡ್ಡದಾದರೆ, ಕಣ್ಣಿನ ಬಳಿ ಸುಟ್ಟರೆ ವೈದ್ಯರಲ್ಲಿಗೆ ಹೋಗಬೇಕು.

ಎರಡನೆಯದು ಎಳೆಯ ಹಾನಿ: ಕವಲೊಡೆದ ತುದಿ, ನಡುವೆ ತುಂಡಾಗುವುದು, ತೊಳೆದ ಮೇಲೂ ಮರಳದ ಗುಂಗುರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದುದ್ದದ ಜಡೆಯ ತುದಿ ಹಲವು ವರ್ಷಗಳ ಹಳೆಯದು, ಹಾನಿ ಮೊದಲು ಕಾಣುವುದೂ ಅಲ್ಲೇ. ಒಮ್ಮೆ ಕೆಟ್ಟ ಭಾಗವನ್ನು ಯಾವ ಎಣ್ಣೆಯೂ ಸರಿಪಡಿಸದು, ಕತ್ತರಿಸಬೇಕು.

ಮೂರನೆಯದು ನೆತ್ತಿಯ ಕೂದಲು ಶಾಶ್ವತವಾಗಿ ಉದುರುವ ಕಾಯಿಲೆ. ಅಮೆರಿಕದ ಕಪ್ಪು ಮಹಿಳೆಯರಲ್ಲಿ ಕಂಡ ಇಂಥ ಕೂದಲುದುರುವಿಕೆಗೆ 1968ರಲ್ಲಿ ಲೊಪ್ರೆಸ್ಟಿ, ಪಾಪಾ, ಕ್ಲಿಗ್ಮನ್ ಎಂಬ ವೈದ್ಯರು ಬಿಸಿ ಬಾಚಣಿಗೆಯ ಹೆಸರನ್ನೇ ಇಟ್ಟರು. ಕಾದ ಎಣ್ಣೆ ಬುಡಕ್ಕೆ ಹರಿದು ಹಾನಿ ಮಾಡುತ್ತದೆಂಬುದು ಅವರ ವಿವರಣೆ. ಬಿಸಿ ಬಾಚಣಿಗೆ ಬಳಸದವರಲ್ಲೂ ಕಾಯಿಲೆ ಕಂಡದ್ದರಿಂದ ಮುಂದೆ ಆ ವಿವರಣೆ ಸಡಿಲವಾಯಿತು. ಕಾಯಿಲೆಯ ಹೆಸರೂ ಬದಲಾಯಿತು. 2019ರಲ್ಲಿ ಪ್ರಕಟವಾದ ಸಂಶೋಧನೆ ಕೆಲವು ರೋಗಿಗಳಲ್ಲಿ ಕೂದಲಿನ ಕಾಂಡದ ರಚನೆಗೆ ಬೇಕಾದ ಪಿಎಡಿಐ3 ಎಂಬ ಜೀನಿನ ದೋಷವನ್ನು ಗುರುತಿಸಿತು. ನೆತ್ತಿಯ ನಡುವೆ ಉರಿ, ತುರಿಕೆ, ಕೂದಲು ತೆಳುವಾಗುವಿಕೆ ಇದ್ದವರು ಶಾಖವನ್ನು ನಿಲ್ಲಿಸಿ ಚರ್ಮವೈದ್ಯರನ್ನು ಕಾಣುವುದು ಸರಿ.

ರಾಸಾಯನಿಕ ವಿಧಾನಗಳ ಜೊತೆ ಹೋಲಿಸಿದರೆ ಬಿಸಿ ಬಾಚಣಿಗೆಗೆ ಒಂದು ಅನುಕೂಲವಿದೆ: ಅದು ಮೈಗೆ ಯಾವ ವಸ್ತುವನ್ನೂ ಸೇರಿಸುವುದಿಲ್ಲ. ಕೆಲವು ಕೆರಾಟಿನ್ ಉಪಚಾರಗಳಲ್ಲಿ ಶಾಖ ತಗುಲಿದಾಗ ಫಾರ್ಮಾಲ್ಡಿಹೈಡ್ ಹೊರಬೀಳುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವಿರುವ ಉಪಚಾರದ ನಂತರ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳನ್ನು 2023 ಮತ್ತು 2024ರ ವೈದ್ಯಕೀಯ ಪತ್ರಿಕೆಗಳು ವರದಿ ಮಾಡಿವೆ. ಇಂಥ ಉಪಚಾರ ಪಡೆಯುವವರು ಬಾಟಲಿಯ ಮೇಲಿನ ವಿವರ ಓದಬೇಕು, ಕಿಟಕಿ ತೆರೆದ ಕೋಣೆಯಲ್ಲೇ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು ದೂರವಿರುವುದು ಕ್ಷೇಮ.

ಕೊಳ್ಳುವಾಗ ಮತ್ತು ಇಟ್ಟುಕೊಳ್ಳುವಾಗ

ನೋಡಬೇಕಾದ ಮೊದಲ ಅಂಶ ಶಾಖದ ಅಂಕೆ. ಡಿಗ್ರಿಯನ್ನು ತೋರಿಸುವ, ಕನಿಷ್ಠ 120ರಿಂದ 200ರವರೆಗೆ ಬದಲಿಸಬಹುದಾದ ಉಪಕರಣ ಮನೆಯವರೆಲ್ಲರ ಕೂದಲಿಗೂ ಒದಗುತ್ತದೆ. ಎರಡನೆಯದು ತಾನೇ ಆರುವ ವ್ಯವಸ್ಥೆ. ಕರೆಂಟ್ ಹೋದಾಗ ಉಪಕರಣವನ್ನು ಹಾಸಿಗೆಯ ಮೇಲೆಯೋ ಡ್ರೆಸ್ಸಿಂಗ್ ಟೇಬಲ್ ಮೇಲೆಯೋ ಬಿಟ್ಟು ಎದ್ದುಹೋಗುವುದು, ಕರೆಂಟ್ ಬಂದಾಗ ಅದು ಮತ್ತೆ ಕಾಯುವುದು ಬೆಂಕಿಗೆ ದಾರಿ. ಪ್ಲಗ್ ತೆಗೆದೇ ಏಳಬೇಕು. ಮೂರನೆಯದು ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು, ತಿರುಗುವ ವೈರು, ಕಾವು ತಾಗದ ಹಿಡಿ, ಸುತ್ತಲೂ ನಯವಾದ ಹಲ್ಲಿನ ತುದಿ. ಹಲ್ಲುಗಳನ್ನು ಬೆರಳಿನಿಂದ ಸವರಿದಾಗ ಅಚ್ಚಿನ ಗೆರೆ ತಗುಲಿದರೆ ಅದು ಕೂದಲಿನ ಹೊರಪೊರೆಯನ್ನು ಕೆರೆಯುತ್ತದೆ.

ವಿದೇಶದ ನೆಂಟರು ತಂದುಕೊಟ್ಟ ಉಪಕರಣಗಳನ್ನು ಬಳಸುವ ಮುನ್ನ ವೋಲ್ಟೇಜ್ ಓದಬೇಕು. ಭಾರತದ ಮನೆಗಳಿಗೆ ಬರುವುದು 230 ವೋಲ್ಟ್, ಅಮೆರಿಕದ್ದು 120. 110ರಿಂದ 240 ಎಂದು ಬರೆದಿದ್ದರೆ ಪ್ಲಗ್ಗಿನ ಅಡಾಪ್ಟರ್ ಸಾಕು. 120 ಎಂದಷ್ಟೇ ಇದ್ದರೆ ಇಲ್ಲಿನ ಸಾಕೆಟ್ಟಿನಲ್ಲಿ ಅದು ತನ್ನ ಅಳತೆಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ವಿದ್ಯುತ್ತನ್ನು ಎಳೆದು ಸುಟ್ಟುಹೋಗುತ್ತದೆ. ವಿದ್ಯುತ್ ಖರ್ಚಿನ ಚಿಂತೆ ಮಾತ್ರ ಬೇಡ: 50 ವ್ಯಾಟಿನ ಬಾಚಣಿಗೆಯನ್ನು ಕಾಲು ಗಂಟೆ ಬಳಸಿದರೆ ಒಂದು ಯೂನಿಟ್ಟಿನ ಎಂಬತ್ತರಲ್ಲಿ ಒಂದು ಭಾಗವಷ್ಟೇ ಆಗುತ್ತದೆ.

ಬಳಸಿದ ಮೇಲೆ ಪ್ಲಗ್ ತೆಗೆದು, ಪೂರ್ತಿ ಆರಿಸಿ, ಹಲ್ಲುಗಳಿಗೆ ಅಂಟಿದ ಸೀರಂ, ಎಣ್ಣೆಯ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಜಿಡ್ಡು ಕಟ್ಟಿದ ಹಲ್ಲು ಕಾವನ್ನು ಸಮನಾಗಿ ದಾಟಿಸದೆ ಕೂದಲನ್ನು ಹಿಡಿದೆಳೆಯುತ್ತದೆ. ಪಾರ್ಲರ್‌ಗಳಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮುನ್ನ ಸಿಕ್ಕು ಬಿಡಿಸುವ ತಣ್ಣನೆಯ ಬಾಚಣಿಗೆಯನ್ನೂ ಸಾಬೂನಿನಲ್ಲಿ ತೊಳೆಯುವುದು ಅಗತ್ಯ. ಹೇನು, ಹುಳುಕಡ್ಡಿ ಅದರಿಂದಲೂ ಹರಡಬಹುದು.

ವೃತ್ತಿಶಿಕ್ಷಣ

ಕೇಶೋಪಚಾರವನ್ನು ಈಗ ಪಠ್ಯಕ್ರಮದ ಮೂಲಕ ಕಲಿಯಬಹುದು. ಕೈಗಾರಿಕಾ ತರಬೇತಿ ಸಂಸ್ಥೆಗಳ ಕಾಸ್ಮೆಟಾಲಜಿ ವಿಭಾಗದಲ್ಲಿ ಕೂದಲಿನ ರಚನೆ, ಶಾಖೋಪಚಾರ, ನೈರ್ಮಲ್ಯಗಳು ಸೇರಿವೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬ್ಯೂಟಿ ಪಾರ್ಲರ್ ನಿರ್ವಹಣೆಯ ಅಲ್ಪಾವಧಿ ತರಬೇತಿ ಕೊಡುತ್ತವೆ. ತುಮಕೂರು ರಸ್ತೆಯಲ್ಲೇ ಇರುವ ನೆಲಮಂಗಲದ ಅರಿಶಿನಕುಂಟೆಯ ರುಡ್‌ಸೆಟ್ ಸಂಸ್ಥೆ ಈ ಬಗೆಯ ಸ್ವಉದ್ಯೋಗ ತರಬೇತಿಗೆ ಹೆಸರಾದದ್ದು. ಎಣ್ಣೆ ಹಚ್ಚಿದ ತಲೆ, ಬೋರ್‌ವೆಲ್ ನೀರು, ಮೆಹಂದಿ, ಮೊಗ್ಗಿನ ಜಡೆ ಇವು ಬೇರೆ ದೇಶಗಳ ಪಠ್ಯಗಳಲ್ಲಿ ಸಿಗುವ ವಿಷಯಗಳಲ್ಲ. ಅವನ್ನು ಅರಿತ ಕಲಿಸುವವರ ಬಳಿ ಕಲಿತು, ಶಾಖದ ಅಂಕೆಯನ್ನು ಗಿರಾಕಿಯ ಮುಂದೆಯೇ ಓದಿ ಹೇಳುವ ಪಾರ್ಲರ್, ಗಿರಾಕಿಗೂ ತನ್ನ ಕೂದಲಿನ ಮಿತಿಯನ್ನು ತಿಳಿಸಿಕೊಡುತ್ತದೆ.